ಹತ್ತು ಪೈಲ್ವಾನರು, ಒಂದು ಆಷಾಢ

ಜೂನ್ 21, 1954, ಸೋಮವಾರ, ಬೆಳಿಗ್ಗೆ. ಆದವಾನಿ.

ಗೆದ್ದೆ! ಪಂದ್ಯ ಗೆದ್ದೆ, ಸಹಿ ಗೆದ್ದೆ, ಟೀಚರ್ ಆಗುತ್ತೇನೆ! ಬೇಳೆ ಒಲೆಯ ಮೇಲಿದೆ. ಅತ್ತೆ ತುಳಸಿಕಟ್ಟೆಗೆ ಪ್ರದಕ್ಷಿಣೆ ಹಾಕುತ್ತಿದ್ದಾರೆ. ಹತ್ತೇ ನಿಮಿಷ ಇದೆ ನನಗೆ. ಬರೆಯದಿದ್ದರೆ ಒಡೆದುಹೋಗುತ್ತೇನೆ.

ಮೊದಲಿನಿಂದ. ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಟೀಚರ್ ಬೇಕಂತೆ. ಅರ್ಜಿ ತಂದಿಟ್ಟು ಹದಿನೈದು ದಿನ. ಕೆಳಗೆ ಒಂದು ಗೆರೆ — ತಂದೆ ಅಥವಾ ಗಂಡನ ಒಪ್ಪಿಗೆ. ಕೆ. (ಪೂರ್ತಿ ಹೆಸರು ಬರೆಯಲು ಕೈ ಇನ್ನೂ ನಾಚುತ್ತದೆ, ಮದುವೆಯಾಗಿ ಏಳೇ ವಾರ!) ಆ ಗೆರೆಯನ್ನು ನೋಡುವುದು, ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಇಡುವುದು. ಸಬ್ ಕಲೆಕ್ಟರ್ ಆಫೀಸಿನಲ್ಲಿ ದಿನಕ್ಕೆ ನೂರು ಕಾಗದಕ್ಕೆ ಸಹಿ ಹಾಕುವ ಮನುಷ್ಯ! ತಮ್ಮ ಅವ್ವನಿಗೆ ಮೊದಲು ಹೇಳಬೇಕಂತೆ. ಹೇಗೆ ಹೇಳುವುದೋ ಗೊತ್ತಿಲ್ಲವಂತೆ.

ಅಷ್ಟರಲ್ಲಿ ಊರಿಗೆ ಫ್ರೀ-ಸ್ಟೈಲ್ ಕುಸ್ತಿ ಬಂತು. ಕೊನೆಯ ಐಟಂ ಬ್ಯಾಟಲ್ ರಾಯಲ್. ಹತ್ತು ಪೈಲ್ವಾನರು ಒಟ್ಟಿಗೆ ರಿಂಗಿಗೆ ಇಳಿದು ಒಬ್ಬರನ್ನೊಬ್ಬರು ಹಗ್ಗದಾಚೆ ಎಸೆಯುವುದು. ಕೊನೆಗೆ ಉಳಿದವನಿಗೆ ಬೆಲ್ಟು. ಆ ಬೆಲ್ಟನ್ನು ಒಂದು ವಾರ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನೇತುಹಾಕಿದ್ದರು. ನೋಡಿದೆ. ಪೋಸ್ಟರ್ ಕೂಡ ನೋಡಿದೆ. ಅಷ್ಟೇ ಸಾಕಾಯಿತು.

"ಮೌಂಟನ್ ಸಿಕಂದರ್ ಗೆಲ್ತಾನರಿ," ಅಂದೆ.

"ಹತ್ತು ಮಂದಿ ಇರ್ತಾರ ವಿಮಲಾ, ಏನ ಬೇಕಾದ್ರೂ ಆಗಬಹುದು. ಕುಸ್ತಿಗೆ ಒಂದು ಧರ್ಮ ಅದ."

"ಧರ್ಮ ಇರಲಿ, ಸೊಂಟ ನೋಡ್ರಿ. ಆ ಬೆಲ್ಟ ಉಳಿದ ಒಂಬತ್ತು ಮಂದ್ಯಾಗ ಯಾರಿಗೆ ಕಟ್ಟಿದ್ರೂ ಕಾಲಾಗ ಬೀಳ್ತದ. ಅವನ ಅಳತಿಗೆ ಹೊಲಿಸ್ಯಾರ!"

"ಥೂ ಹುಚ್ಚಿ."

"ಹಂಗಾರ ಪಣ. ಸಿಕಂದರ್ ಗೆದ್ರ ಸಹಿ ಹಾಕಬೇಕು. ಅತ್ತಿಯವರಿಗೆ ನೀವೇ ಹೇಳಬೇಕು."

"ಸೋತ್ರ?"

"ಅರ್ಜಿ ನಾನೇ ಹರೀತೀನಿ."

ನಿನ್ನೆ ಹತ್ತಿ ಮಾರ್ಕೆಟ್ ಯಾರ್ಡು. ಸೀಸನ್ ಮುಗಿದು ಖಾಲಿ. ಹೆಂಗಸರ ಕುರ್ಚಿಗಳ ಮುಂದೆ ಗೋಣಿತಟ್ಟಿನ ಪರದೆ. ಪಕ್ಕದ ಮನೆಯ ಬಸಲಿಂಗಮ್ಮ ಕೂತ ಐದೇ ನಿಮಿಷಕ್ಕೆ ಅದನ್ನು ಕೆಳಕ್ಕೆ ಜಗ್ಗಿ ಕಾಲ ಕೆಳಗೆ ಹಾಕಿಕೊಂಡಳು. "ರೊಕ್ಕ ಕೊಟ್ಟು ಗೋಣಿಚೀಲ ನೋಡಾಕ ಬಂದೀವೇನ?"

ಅಯ್ಯೋ, ಎಂಥ ನಾಟಕ! ಸಿಕಂದರ್ ಮೂಲೆಯಲ್ಲಿ ನಿಂತು ಎದೆ ಬಡಿದುಕೊಳ್ಳುವುದು. ಒಂಬತ್ತು ಮಂದಿ ಅವನನ್ನು ಬಿಟ್ಟು ತಮ್ಮತಮ್ಮಲ್ಲೇ ಹೊಡೆದಾಡಿ ಹೊರಗೆ ಬೀಳುವುದು. ಬೀಳುವ ಮೊದಲು ಕೆಳಗೆ ಹಾಸಿಗೆ ಇದೆಯೋ ಇಲ್ಲವೋ ನೋಡಿಕೊಳ್ಳುವುದು! ಒಬ್ಬನೇ ಬೇರೆ ಥರ. ಹತ್ತು ತುಂಬಲೆಂದು ಸೇರಿಸಿಕೊಂಡ ಎಮ್ಮಿಗನೂರಿನ ನೇಕಾರ, ಆಂಜನೇಯ ಅಂತ. ಕಡ್ಡಿಯಂತಿದ್ದಾನೆ. ಎತ್ತಿ ಎಸೆದರೆ ಎರಡೂ ಕೈಯಲ್ಲಿ ಹಗ್ಗ ಹಿಡಿದು ನೇತಾಡಿದ. ಸಿಕಂದರ್ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಇವನು ಬಿಡಲಿಲ್ಲ. ಯಾರ್ಡಿಗೆ ಯಾರ್ಡೇ ಎದ್ದು ನಿಂತಿತು. "ವದಲಕುರಾ! ಬಿಡಬ್ಯಾಡಲೇ!" ನಾನೂ ಕುರ್ಚಿಯ ಮೇಲೆ ನಿಂತು ಕೂಗಿದೆ. ಸೆರಗು ಎಲ್ಲಿತ್ತೋ! ಅವನು ಗೆದ್ದಿದ್ದರೆ ನನ್ನ ಅರ್ಜಿ ಚೂರುಚೂರು. ಅದು ನೆನಪಾದದ್ದು ಅವನು ಬಿದ್ದ ಮೇಲೆ.

ಗೆದ್ದದ್ದು ಸಿಕಂದರ್. ಬೆಲ್ಟು ಕೊನೆಯ ತೂತಿಗೆ ಸರಿಯಾಗಿ ಕೂತಿತು.

ಕೆ. ಈಗಷ್ಟೇ ಸಹಿ ಹಾಕಿ ಆಫೀಸಿಗೆ ಹೋದರು. ಮುಖ ಸಣ್ಣದಾಗಿತ್ತು, ಪಾಪ — ಮೋಸದ ಕುಸ್ತಿ ನೋಡಿದ ದುಃಖ. ಮೈ ಡಾರ್ಲಿಂಗ್! ಸಂಜೆ ಅವ್ವನಿಗೆ ಹೇಳುತ್ತಾರಂತೆ.

ಬೇಳೆ ಉಕ್ಕಿತು.

ಜೂನ್ 22

ಹೇಳಲಿಲ್ಲ. ಅವ್ವನಿಗೆ ತಲೆನೋವಂತೆ.

ಜೂನ್ 25, ಶುಕ್ರವಾರ

ಹೇಳಲಿಲ್ಲ. ನಾನು ಬಸಲಿಂಗಮ್ಮನ ಜೊತೆ ಬಳೆ ಅಂಗಡಿಗೆ ಅಂತ ಹೊರಟು ಇಂಟರ್‌ವ್ಯೂ ಕೊಟ್ಟು ಬಂದೆ! (ಬಳೆಯನ್ನೂ ಕೊಂಡೆ. ಪೂರ್ತಿ ಸುಳ್ಳಲ್ಲ.) ಹೆಡ್‌ಮಿಸ್ಟ್ರೆಸ್ ಶಂಕರಮ್ಮನವರು. ಬಿಳಿ ಸೀರೆ, ದಪ್ಪ ಕನ್ನಡಕ, ನಗು ಸ್ವಲ್ಪ ತಡವಾಗಿ ಬರುತ್ತದೆ. ಒಂದು ಪುಟ ಓದಿಸಿದರು. ಮೆಚ್ಚಿದರು. ಆಮೇಲೆ —

"ಅತ್ತಿಯವರಿಗೆ ಗೊತ್ತೈತೇನಮ್ಮ?"

"ಗೊತ್ತಾಗ್ತದ್ರಿ."

"ನಾ ಕೇಳಿದ್ದು ಅದಲ್ಲ."

ಕಿವಿ ಬಿಸಿಯಾಯಿತು. ಆರ್ಡರ್ ಅಂಚೆಯಲ್ಲಿ ಮನೆಗೆ ಬರುತ್ತದಂತೆ. ಮನೆಗೆ!

ಜೂನ್ 26

ಏಕಾದಶಿಯಂತೆ. ಉಪವಾಸದ ದಿನ ಇಂಥ ಮಾತು ಆಡಬಾರದಂತೆ. ದಿಂಬು ಎಸೆದೆ. ತಪ್ಪಿಸಿಕೊಂಡರು.

ಜೂನ್ 29, ಮಂಗಳವಾರ. ಗುಂತಕಲ್.

ತವರು. ರೈಲ್ವೆ ಕಾಲೊನಿ, ಅದೇ ಹಳದಿ ಕ್ವಾರ್ಟರ್ಸು, ಅದೇ ಶಂಟಿಂಗ್ ಸದ್ದು. ನಾಡಿದ್ದು ಆಷಾಢ. ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಹೊಸ್ತಿಲೊಳಗೆ ಇರಬಾರದು. ಅಳಿಯ ಅತ್ತೆಮನೆಯ ಹೊಸ್ತಿಲು ತುಳಿಯಬಾರದು. ಒಂದು ತಿಂಗಳು! ಅಪ್ಪ ಕರೆಯಲು ಬಂದಿದ್ದರು. ಟ್ರಂಕು ಜಟಕಾಕ್ಕೆ ಏರಿಸಿದ ಮೇಲೆ ನಮ್ಮ ವೀರರಿಗೆ ಬಾಯಿ ಬಂತು.

"ಅವ್ವ, ಈಕಿ ಸಾಲ್ಯಾಗ ನೌಕರಿಗೆ ಅರ್ಜಿ ಹಾಕ್ಯಾಳ. ನಾನೂ ಸಹಿ ಹಾಕೀನಿ."

ಅತ್ತೆ ಗದರಲಿಲ್ಲ. ನನ್ನ ಸೆರಗು ಸರಿಮಾಡಿದರು. ಮಡಿಲಿಗೆ ತೆಂಗಿನಕಾಯಿ ಇಟ್ಟರು. "ಶ್ರಾವಣ ಬರಲಿ, ನೋಡೋಣಂತ."

ಅಪ್ಪ, "ಹೌದ್ರಿ, ಶ್ರಾವಣ ಬರಲಿ." ಕೆ., "ಶ್ರಾವಣ ಬರಲಿ ತಗೋ." ಜಟಕಾದ ಪೆದ್ದಣ್ಣ ಕೂಡ, "ಶ್ರಾವಣಂ ರಾನೀ ತಲ್ಲೀ!" ಅವನನ್ನು ಯಾರು ಕೇಳಿದರು? ಎಲ್ಲರೂ ಸೇರಿ, ಬಹಳ ಮರ್ಯಾದೆಯಿಂದ, ನನ್ನನ್ನು ಎತ್ತಿ ಹಗ್ಗದಾಚೆ ಇಟ್ಟರು.

ಜುಲೈ 3

ಪತ್ರ ಬಂತು, ಎಂಟು ಪುಟ. ನೌಕರಿಯ ಮಾತು ಒಂದು ಸಾಲೂ ಇಲ್ಲ. ನನ್ನ ಮಲ್ಲಿಗೆ ಬಳ್ಳಿಗೆ ದಿನಾ ನೀರು ಹಾಕುತ್ತಿದ್ದಾರಂತೆ. ಸಿಟ್ಟೂ ಬಂತು, ಮುದ್ದೂ ಬಂತು. ಮೂರು ಸಲ ಓದಿದೆ.

ಆ ಕುಸ್ತಿ ತಲೆಯಿಂದ ಹೋಗುತ್ತಿಲ್ಲ. ಆವತ್ತು ನಕ್ಕುನಕ್ಕು ಸಾಕಾಯಿತು. ಈಗ ಲೆಕ್ಕ ಹಾಕಿದರೆ — ಒಂಬತ್ತು ಮಂದಿ! ಮೊದಲ ನಿಮಿಷದಲ್ಲೇ ಎಲ್ಲರೂ ಸೇರಿ ಸಿಕಂದರನ ಕಾಲು ಹಿಡಿದು ಎತ್ತಿದ್ದರೆ? ಅವನ ಮೈಮೇಲೆ ಯಾರೂ ಬೆರಳು ಇಡಲಿಲ್ಲ. ಅವನು ಬಲಶಾಲಿ ಅಂತಲ್ಲ. ಗೆಲ್ಲುವವನು ಅವನು ಅಂತ ಗೊತ್ತಿತ್ತು, ಅಷ್ಟೇ. ನಮ್ಮ ಮನೆಯಲ್ಲೂ ಅತ್ತೆ ಜೋರು ಮಾಡಿದ್ದನ್ನು ಒಂದು ದಿನವೂ ನೋಡಿಲ್ಲ. ಆದರೂ ಕೆ., ಮಾವ, ಬಂದುಹೋಗುವವರು, ಎಲ್ಲರೂ ಅವರು ಬಾಯಿ ತೆರೆಯುವ ಮೊದಲೇ ಬೀಳುತ್ತಾರೆ.

ನಾನು ಬೀಳುವುದಿಲ್ಲ. ಐ ಶಾಂಟ್!

ಜುಲೈ 12

ಆರ್ಡರ್ ಇಲ್ಲ. ಆದವಾನಿಗೆ ಬಂದಿದ್ದರೆ ಕೆ. ಇಲ್ಲಿಗೆ ಕಳಿಸಬೇಕಲ್ಲ. ಅಪ್ಪ ಡ್ಯೂಟಿಯಿಂದ ಬರುವಾಗ ಕೈ ನೋಡುತ್ತೇನೆ. ತರಕಾರಿ ಚೀಲ ಮಾತ್ರ.

ಜುಲೈ 19, ಸೋಮವಾರ

ಶಂಕರಮ್ಮನವರ ಕಾರ್ಡು, ಬಸಲಿಂಗಮ್ಮನ ಹತ್ತಿರ ವಿಳಾಸ ಕೇಳಿ ಬರೆದದ್ದು. ನಾಲ್ಕು ಸಾಲು. ಆರ್ಡರ್ ಕಳಿಸಿ ಎರಡು ವಾರ ಆಯಿತಂತೆ, ಉತ್ತರವಿಲ್ಲವಂತೆ. ಇಪ್ಪತ್ತಾರನೇ ತಾರೀಕು ಸೋಮವಾರ ಹನ್ನೊಂದು ಗಂಟೆಯೊಳಗೆ ಹಾಜರಾಗದಿದ್ದರೆ ಎರಡನೆಯ ಹೆಸರಿನವರನ್ನು ಕರೆಯಬೇಕಾಗುತ್ತದಂತೆ.

ಎರಡು ವಾರ!! ಅಡಗಿಸಿಟ್ಟಿದ್ದಾರೆ. ಕೆ.ಗೆ ಬರೆದೆ. 'ಪ್ರಿಯ' ಬರೆಯಲಿಲ್ಲ. ನೇರ ಬರೆದೆ: ಇಪ್ಪತ್ತಾರಕ್ಕೆ ಹಾಜರಾಗಬೇಕು, ಕಾಗದ ಎಲ್ಲಿ? ಹೇಳಲು ಬಾಯಿ ಬರದಿದ್ದರೆ ಬರೆಯಲು ಕೈ ಇದೆಯಲ್ಲ?

ಜುಲೈ 21, ಬುಧವಾರ, ಸಂಜೆ

ಮಧ್ಯಾಹ್ನ ಅಪ್ಪ ಓಡಿಬಂದರು. ಯೂನಿಫಾರ್ಮಿನಲ್ಲೇ. "ನಿಮ್ಮವರು ಸ್ಟೇಷನ್ನಿನಾಗ ಕೂತಾರ. ಮನಿಗೆ ಕರದ್ರ ಒಲ್ಲೆ ಅಂತಾರ. ಆಷಾಢಂತ!"

ಹೋದೆ. ಸಿಟ್ಟು ಪೂರ್ತಿ ಕಟ್ಟಿಕೊಂಡು ಹೋದೆ. ಪ್ಲಾಟ್‌ಫಾರಂ ತುದಿಯ ಬೆಂಚು. ಸೊರಗಿಹೋಗಿದ್ದಾರೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಸಿಟ್ಟು ಅರ್ಧ ಅಲ್ಲೇ ಹೋಯಿತು. ಉಳಿದರ್ಧ ಸಾಕಾಗಿತ್ತು.

"ಕಾಗದ ಎಲ್ಲದರಿ?"

"ಪಂಚಾಂಗದ ಕೆಳಗ. ದೇವರ ಮನ್ಯಾಗ. ಅವ್ವ ಇಟ್ಟಾಳ."

"ಬಚ್ಚಿಟ್ಟಾರ!"

"ಬಚ್ಚಿಟ್ಟಿಲ್ಲ ಮಾರಾಯ್ತಿ. ಶೂನ್ಯಮಾಸದಾಗ ನೌಕರಿ ಕಾಗದ ಒಡೀಬಾರದಂತ ಹಂಗೇ ಇಟ್ಟಾಳ. ಶ್ರಾವಣದ ಮೊದಲನೇ ಶುಕ್ರವಾರ ಅರಿಶಿಣ-ಕುಂಕುಮ ಹಚ್ಚಿ ನಿನ್ನ ಕೈಯಾಗ ಕೊಡಬೇಕಂತ. ಅದಕ್ಕಂತ ಒಂದು ನೂಲಿನ ಸೀರಿ ತರಿಸ್ಯಾಳ, ಎಮ್ಮಿಗನೂರಿಂದ. ಸಾಲಿಗೆ ಉಡಾಕ."

ಗೂಡ್ಸ್ ಗಾಡಿಯೊಂದು ಪೂರ್ತಿ ದಾಟಿತು.

ಯಾರೂ ಲಕೋಟೆ ಒಡೆದಿರಲಿಲ್ಲ. ಒಳಗೆ ತಾರೀಕು ಇರುವುದು ಯಾರಿಗೂ ಗೊತ್ತಿರಲಿಲ್ಲ. ಕೆ. ನನ್ನ ಪತ್ರ ನೋಡಿದ ಮೇಲೆ ಹೋಗಿ ತಾರೀಕು ಹೇಳಿದರಂತೆ. ಅವ್ವ ಏನಂದರು ಅಂತ ಕೇಳಿದೆ.

"ನೌಕರಿ ಹೋದ್ರ ಇನ್ನೊಂದು ಬರ್ತದ, ಆಕಿ ಆಷಾಢದಾಗ ಬರಬಾರದು ಅಂದಳು. ಅಳತಿದ್ದಳು ವಿಮಲಾ." ಛತ್ರಿಯ ತುದಿಯಿಂದ ನೆಲ ಕೆರೆದರು. "ಮದುವಿಯಾದ ವರ್ಷ ಆಕಿ ಆಷಾಢ ಮುಗಿಯೂದ್ರಾಗ ತವರಿಂದ ವಾಪಸ್ ಬಂದಿದ್ದಳಂತ. ಇರಲಾರದ. ಅದೇ ವಾರ ಆಕಿ ಅತ್ತಿ, ನಮ್ಮ ಅಜ್ಜಿ, ತೀರಿಕೊಂಡ್ರು. ಇವತ್ತಿಗೂ ಯಾವುದಾರ ಮದುವ್ಯಾಗ ಯಾರಾರ ಆ ಮಾತು ಎತ್ತತಾರ."

ಮೌಂಟನ್ ಸಿಕಂದರ್ ಅಂತ ಹೆಸರಿಟ್ಟಿದ್ದೆ ಅವರಿಗೆ. ಮನಸ್ಸಿನಲ್ಲೇ. ನಾಚಿಕೆಯಾಯಿತು.

ಕೆ. ಮೆಲ್ಲಗೆ, "ನಾ ಹೇಳಿದ್ದಿಲ್ಲೇನ? ಹತ್ತು ಮಂದಿ ಇದ್ರ ಏನ ಬೇಕಾದ್ರೂ ಆಗಬಹುದು."

ನಗು ಬಂತು. ಆದರೆ — ಸೋಮವಾರ ಸೋಮವಾರವೇ. ಅತ್ತೆ ಒಳ್ಳೆಯವರು ಅಂದಮಾತ್ರಕ್ಕೆ ತಾರೀಕು ಮುಂದಕ್ಕೆ ಹೋಗುವುದಿಲ್ಲ.

"ನಿಮ್ಮ ಅವ್ವನ ಹೊಸ್ತಿಲು ನಾ ದಾಟಂಗಿಲ್ಲ," ಅಂದೆ. "ಸಾಲಿ ಹೊಸ್ತಿಲು ದಾಟ್ತೀನಿ. ಶ್ರಾವಣದ ತನಕ ಶಂಕರಮ್ಮನವರ ಮನ್ಯಾಗ ಇರ್ತೀನಿ."

"ಅವರ ಮನಿ ಊಟ..."

"ಸ್ಟೋವ್ ಒಯ್ತೀನಿ. ನನ್ನದು ನಾನೇ ಬೇಯಿಸ್ಕೋತೀನಿ."

"ಮಂದಿ ಏನಂತಾರ? ಗಂಡನ ಮನಿ ಎರಡು ಓಣಿ ಆಚೆ ಇಟ್ಕೊಂಡು..."

"ಅನ್ನಲಿ. ನೀವೇನಂತೀರಿ?"

ಸಿಗ್ನಲ್ ಬಿತ್ತು. ಅವರ ಗಾಡಿ ಬಂತು. ಹತ್ತಿದರು. ಗಾಡಿ ಅಲುಗಿದ ಮೇಲೆ ಬಾಗಿಲಲ್ಲಿ ನಿಂತು, ಇಡೀ ಪ್ಲಾಟ್‌ಫಾರಂ ಕೇಳುವಂತೆ — ನನ್ನ ಕೆ.! — "ಸ್ಟೋವ್ ತರಬ್ಯಾಡ! ಮನ್ಯಾಗಿಂದ ನಾ ತಂದುಕೊಡ್ತೀನಿ!"

ಜುಲೈ 22

ಶಂಕರಮ್ಮನವರಿಗೆ ಅಪ್ಪನ ಕೈಯಿಂದಲೇ ತಂತಿ ಕೊಡಿಸಿದೆ. ಸಂಜೆಗೆ ಉತ್ತರ: ರೂಂ ಇದೆ, ಬಾ.

ಅಮ್ಮ ಇಡೀ ದಿನ ಬೈದಳು. ಬೈದದ್ದು ಮುಗಿದ ಮೇಲೆ, "ಭಾನುವಾರ ಪಡುವಲಿಗೆ ಹೊರಡಬಾರದು. ವಾರಶೂಲಿ."

ಅಪ್ಪ ಗೋಡೆಯ ಮೇಲಿನ ರೈಲ್ವೆ ಮ್ಯಾಪಿನ ಹತ್ತಿರ ಹೋಗಿ ಬೆರಳಿಟ್ಟರು. "ಆದವಾನಿ ಬಡಗಲಿಗದ ನೋಡು."

"ನೀವೂ ಆಕಿ ಕಡೀನೇ?"

"ನಾ ಮ್ಯಾಪ್ ಹೇಳಿದೆ."

ಅಮ್ಮ ಮ್ಯಾಪನ್ನು ಹತ್ತಿರದಿಂದ ನೋಡಿದಳು. ಓದಲು ಬರುವುದಿಲ್ಲ. ಆದರೂ ನೋಡಿದಳು. ಆಮೇಲೆ ಚಟ್ನಿಪುಡಿಗೆ ಕಡಲೆಬೇಳೆ ಹುರಿಯಲು ಕೂತಳು.

ಜುಲೈ 23, ಶುಕ್ರವಾರ, ಮಧ್ಯಾಹ್ನ

ಅತ್ತೆಗೆ ನಾನೇ ಬರೆಯಬೇಕು. ಕೆ. ಮೂಲಕ ಅಲ್ಲ, ಅಪ್ಪನ ಮೂಲಕ ಅಲ್ಲ. ಸೊಸೆ ಅತ್ತೆಗೆ ನೇರ ಬರೆದದ್ದು ನಮ್ಮ ಎರಡು ಮನೆಯಲ್ಲೂ ಇಲ್ಲವಂತೆ. ಇರಲಿ. ಕಾನ್ವೆಂಟಿನ ಕನ್ನಡ, ನಾಲ್ಕು ಕಾಗದ ಹಾಳಾಯಿತು. ಇಲ್ಲಿ ಮೊದಲು ಬರೆದು ಆಮೇಲೆ ನಕಲು ಮಾಡುತ್ತೇನೆ. ಮೂರೂವರೆಗೆ ಟಪ್ಪಾಲು.

ಮಾತೃಶ್ರೀ ಸಮಾನರಾದ ಅತ್ತೆಯವರ ಪಾದಗಳಿಗೆ ವಿಮಲಾ ಮಾಡುವ ನಮಸ್ಕಾರಗಳು.

ನನಗೆ ಸೀರೆ ತರಿಸಿದ್ದೀರಿ ಅಂತ ಕೇಳಿದೆ. ಬಹಳ ಸಂತೋಷವಾಯಿತು. ನಿಮ್ಮ ಬಗ್ಗೆ ತಪ್ಪು ತಿಳಿದಿದ್ದೆ, ಕ್ಷಮಿಸಬೇಕು. ಇದೊಂದೇ ವಿಷಯಕ್ಕೆ ಕ್ಷಮೆ ಕೇಳುತ್ತಿದ್ದೇನೆ.

ಲಕೋಟೆಯನ್ನು ಒಡೆಯಬೇಡಿ. ಪಂಚಾಂಗದ ಕೆಳಗೇ ಇರಲಿ. ಶಾಲೆಯವರ ಹತ್ತಿರ ಇನ್ನೊಂದು ಪ್ರತಿ ಇದೆ. ಶ್ರಾವಣ ಶುಕ್ರವಾರ ನೀವು ಕುಂಕುಮ ಹಚ್ಚಿ ಕೊಡಿ, ನಾನು ಬಂದು ಎರಡೂ ಕೈಯಿಂದ ತೆಗೆದುಕೊಳ್ಳುತ್ತೇನೆ. ಅಲ್ಲಿಯವರೆಗೆ ನಿಮ್ಮ ಹೊಸ್ತಿಲನ್ನು ದಾಟುವುದಿಲ್ಲ. ನಿಮ್ಮ ಓಣಿಗೂ ಬರುವುದಿಲ್ಲ. ನನ್ನಿಂದ ನಿಮಗೆ ಏನೂ ಆಗಲು ಬಿಡುವುದಿಲ್ಲ. ಆವತ್ತು ನಿಮ್ಮಿಂದಲೂ ಯಾರಿಗೂ ಏನೂ ಆಗಲಿಲ್ಲ ಅತ್ತೆ. ಯಾರು ಏನೇ ಅಂದರೂ.

ಆದರೆ ಸೋಮವಾರ ಹನ್ನೊಂದರೊಳಗೆ ರಿಜಿಸ್ಟರಿನಲ್ಲಿ ನನ್ನ ಸಹಿ ಇರುತ್ತದೆ. ಅಪ್ಪಣೆ ಕೇಳಲು ಈ ಪತ್ರವಲ್ಲ. ತಿಳಿಸಲು. ನಿಮಗೆ ಮೊದಲು ತಿಳಿಯಬೇಕು, ಬೇರೆಯವರ ಬಾಯಿಂದ ತಿಳಿಯಬಾರದು ಅಂತ. ನಿಮ್ಮ ಮಗ ಸ್ಟೇಷನ್ನಿಗೆ ಬರುತ್ತಾರಂತೆ. ತಾವೂ ಬರಬಹುದು. ಪ್ಲಾಟ್‌ಫಾರಂಗೆ ಹೊಸ್ತಿಲಿಲ್ಲ.

ನಾನು ಬರುವುದು ಇದೇ ಭಾನುವಾರ, ಇಪ್ಪತ್ತೈದನೇ ತಾರೀಕು, ರಾಯಚೂರು ಪ್ಯಾಸೆಂಜರಿಗೆ — ಅಯ್ಯೋ, ಮೂರು ಹೊಡೆಯಿತು, ಉಳಿದದ್ದು ನಕಲಿನಲ್ಲೇ!