ಸೀಟಿನ ಕೆಳಗೆ ತಂತಿ ಇದೆ

ಮಾನ್ಯರೇ,

ಹಾಗಾಗಿ, ತಂತಿ ಅಲ್ಲೇ ಇದೆ. ನಿನ್ನೆ ದೂರವಾಣಿಯಲ್ಲಿ ನಿಮ್ಮ ಕಚೇರಿಯ ಹೆಣ್ಣುಮಗಳಿಗೆ ಹೇಳುತ್ತಿದ್ದದ್ದೂ ಇದನ್ನೇ. ಆಕೆ ಒಂದು ನಿಮಿಷ ಎಂದು ಸಂಗೀತ ಹಾಕಿ ಹೋದವಳು ಮರಳಿ ಬರಲಿಲ್ಲ. ಸಂಗೀತ ಕೆಟ್ಟದಾಗೇನೂ ಇರಲಿಲ್ಲ, ಬಹಳ ಹೊತ್ತು ಕೇಳಿದೆ. ಉಳಿದ ಮಾತನ್ನು ಪತ್ರಿಕೆಯ ಮೂಲಕವೇ ಆಡಿ ಮುಗಿಸುತ್ತೇನೆ. ನಮ್ಮ ಸೋಯ್‌ಬೋಯಿ ಊರಿನ ಕಾರ್ಖಾನೆಯಲ್ಲಿ ಜೋಡಣೆಯಾದ ನನ್ನ ಕಾರಿನ ಮುಂದಿನ ಸೀಟನ್ನು ಬೆಚ್ಚಗಾಗಿಸುವ ತಂತಿ, ಆ ಸೀಟಿನ ಚರ್ಮದ ಕೆಳಗೆ ಮಲಗಿದೆ. ಕಳೆದ ಚಳಿಗಾಲವೆಲ್ಲ ಅದು ಕೆಲಸ ಮಾಡಿತು. ತಂತ್ರಾಂಶ ವಿಭಾಗದ ಮುಖ್ಯಸ್ಥರಾದ ತಾವು ಈ ಚಳಿಗಾಲ ಗಾಳಿಯಲ್ಲಿ ಕಳುಹಿಸಿದ ಪರಿಷ್ಕರಣೆ ಬಂದ ಮೇಲೆ ಅದು ಸತ್ತಿದೆ. ಸತ್ತಿದೆ ಎಂದರೆ ತಪ್ಪಾದೀತು. ತಾವು ಅದಕ್ಕೆ ಸುಮ್ಮನಿರಲು ಹೇಳಿದ್ದೀರಿ, ಅದು ಸುಮ್ಮನಿದೆ. ನಮ್ಮ ಕಣಿವೆಯ ಜನರ ಹಾಗೆಯೇ.

ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು. ಅಧಿಕಾರಿಗಳಿಗೆ ಹೇಗೆ ಬರೆಯಬೇಕೆಂದು ಆಗ ನಮಗೆ ಬಾಯಿಪಾಠ ಮಾಡಿಸಿದ್ದರು. ‘ಐ ಹ್ಯಾವ್ ದ ಆನರ್ ಟು’ ಎಂಬಲ್ಲಿಯವರೆಗೆ ನೆನಪಿದೆ, ಮುಂದಿನದು ಹೋಗಿದೆ. ಗೌರವ ಇದೆ ಎಂಬಲ್ಲಿಗೆ ನಿಂತುಬಿಟ್ಟಿದೆ. ಯಾತರ ಗೌರವ, ತಿಳಿಯದು. ಆದರೂ ಬೀದಿಯಲ್ಲಿ ಯಾರ ಔಷಧಿಯ ಚೀಟಿ, ಯಾರ ಯಂತ್ರದ ಕೈಪಿಡಿ ಬಂದರೂ ನನ್ನ ಬಳಿಗೇ ತರುತ್ತಿದ್ದರು. ಕಾಲುವೆ ಇಲಾಖೆಯಲ್ಲಿ ತೂಬು ನೋಡಿಕೊಳ್ಳುತ್ತಿದ್ದವನಿಗೆ ಇಂಗ್ಲಿಷೂ ಬರುತ್ತದೆ ಎಂಬುದು ನನ್ನ ಹೆಂಡತಿ ಮರ್ಹಮತ್‌ಗೆ ದೊಡ್ಡ ಹೆಮ್ಮೆಯಾಗಿತ್ತು. ಆಕೆ ಹೋಗಿ ನಾಲ್ಕು ವರ್ಷವಾಯಿತು. ಈಗ ನಡೆದದ್ದನ್ನು ನೋಡಲು ಆಕೆ ಇಲ್ಲ ಎಂಬುದು ನನಗೆ ಸಮಾಧಾನವಾಗಿದೆ ಎಂದು ಬರೆಯುತ್ತಿದ್ದೇನೆ. ಇದನ್ನು ಬರೆಯಲು ಎಷ್ಟು ನಾಚಿಕೆಯಾಗಬೇಕೋ ಅಷ್ಟೂ ಆಗುತ್ತಿದೆ.

ಪರಿಷ್ಕರಣೆಗೆ ನೀವೇ ಒಪ್ಪಿದ್ದೀರಲ್ಲ ಎಂದು ನಿಮ್ಮ ಹೆಣ್ಣುಮಗಳು ಕೇಳಿದಳು. ಹೌದು, ಒಪ್ಪಿದೆ. ಹೇಗೆ ಒಪ್ಪಿದೆ ಎಂಬುದನ್ನೂ ಕೇಳಿ. ಮೊದಲ ಸಲ ತೆರೆಯ ಮೇಲೆ ‘ಈಗ ಅಳವಡಿಸಲೇ’ ಎಂದು ಬಂತು, ಬೇಡ ಎಂದೆ. ಮರುದಿನ ಮತ್ತೆ ಬಂತು, ಬೇಡ ಎಂದೆ. ನಮ್ಮಲ್ಲಿ ಚಹಾ ಕೊಟ್ಟರೂ ಊಟಕ್ಕೆ ಕರೆದರೂ ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೆಯ ಸಲ ಬೇಡ ಎನ್ನುವುದು ಕರೆದವನ ಮುಖಕ್ಕೆ ಹೊಡೆದ ಹಾಗೆ. ಮೂರನೆಯ ಸಲವೂ ಅದು ಅಷ್ಟೇ ನಯವಾಗಿ ಕೇಳಿತು. ಎದೆಯ ಮೇಲೆ ಕೈಯಿಟ್ಟು ತಲೆಬಾಗಿ ಗುಂಡಿ ಒತ್ತಿದೆ. ಕೆಳಗೆ ಉದ್ದುದ್ದ ಬರಹವಿತ್ತು. ಮೂರು ಸಲ ಕರೆದವರ ಮನೆಯಲ್ಲಿ ತಟ್ಟೆ ಎತ್ತಿ ತಳ ನೋಡುತ್ತಾರೆಯೇ? ಕರೆದವರು ಊಟಕ್ಕೆ ಕರೆದು ಮೈಮೇಲಿನ ಕೋಟು ಕಳಚಿಕೊಂಡು ಕಳಿಸುತ್ತಾರೆ ಎಂದು ಯಾರಿಗೆ ಗೊತ್ತಿರುತ್ತದೆ?

ನನ್ನ ಮಗಳು ಹೋಸಿಯತ್ ನಮ್ಮ ಊರಿನ ಕಾರ್ಖಾನೆಯಲ್ಲೇ ಕೆಲಸ ಮಾಡುತ್ತಾಳೆ. ಸೀಟಿನ ವಿಭಾಗ. ಸ್ಪಂಜಿನ ಮೇಲೆ ಆ ತಂತಿಯ ಹಾಸನ್ನು ಅಂಟಿಸಿ, ಚರ್ಮ ಎಳೆದು ಮುಚ್ಚುವುದು ಅವಳ ಕೆಲಸ. ಹೊರಗಿನಿಂದ ಬರುವ ಪೆಟ್ಟಿಗೆಗಳೊಳಗೆ ಕಾರು ಬಿಡಿಬಿಡಿಯಾಗಿ ಬರುತ್ತದೆ, ನಮ್ಮ ಮಕ್ಕಳು ಅದನ್ನು ಕಾರು ಮಾಡುತ್ತಾರೆ. ಕಾರ್ಖಾನೆ ತೆರೆದ ದಿನ ದೊಡ್ಡವರು ಬಂದು ನಾಡಿನ ಕೈಗಳು, ನಾಡಿನ ಕಾರು ಎಂದು ಭಾಷಣ ಮಾಡಿದ್ದರು. ನಾನು ಮುಂದಿನ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟಿದ್ದೆ.

ಹೋಸಿಯತ್‌ಗೆ ಅಂಗ್ರೆನ್ ಊರಿನಿಂದ ಸಂಬಂಧ ಬಂತು. ಹುಡುಗ ಅಬ್ರೋರ್, ಒಳ್ಳೆಯವನು, ಕಡಿಮೆ ಮಾತಿನವನು. ಇಬ್ಬರೂ ಒಪ್ಪಿದ್ದಾರೆ. ಕಳೆದ ಭಾನುವಾರ ರೊಟ್ಟಿ ಮುರಿಯಲು ಬರುವುದೆಂದು ಮಾತಾಗಿತ್ತು. ಎರಡೂ ಕಡೆಯವರ ನಡುವೆ ಹಾಸಿದ ಬಟ್ಟೆಯ ಮೇಲೆ ಹಿರಿಯರು ರೊಟ್ಟಿ ಮುರಿದರೆ ಮಾತು ಗಟ್ಟಿ. ಮುರಿಯದೆ ಎದ್ದರೆ ಬೀದಿಯಲ್ಲಿ ಕೇಳುವವರಿಗೆಲ್ಲ ಉತ್ತರ ಕೊಡಬೇಕು. ಕಣಿವೆಯ ಮೇಲಿನ ಘಾಟಿಯಲ್ಲಿ ಹಿಮ ಬಿದ್ದಿತ್ತು, ಅವರು ರೈಲಿನಲ್ಲಿ ಬಂದರು. ಅಬ್ರೋರ್, ಅವನ ಸೋದರತ್ತೆ ಮುಕಾಂಬರ್, ಮತ್ತು ಅವನ ತಂದೆಯ ತಾಯಿ ಸಾರಾಖೋನ್. ಆಕೆಯನ್ನು ಎಲ್ಲರೂ ಬುವಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಾರೆ. ಮಂಡಿ ನೋವಿನ ಮುದುಕಿ, ಆ ಮನೆಯಲ್ಲಿ ಆಕೆಯ ಮಾತೇ ಕೊನೆಯದು.

ಅಂದು ಬೆಳಿಗ್ಗೆ ನಾನು ಮುಂದಿನ ಸೀಟಿನ ಪ್ಲಾಸ್ಟಿಕ್ ಹೊದಿಕೆ ಹರಿದೆ. ಹೊಸ ಕಾರಿನ ಪ್ಲಾಸ್ಟಿಕ್ ನಾವು ಯಾರೂ ತೆಗೆಯುವುದಿಲ್ಲ, ಅದು ತಾನಾಗಿ ಚಿಂದಿಯಾಗಬೇಕು. ಬುವಿಯ ಮಂಡಿಗೆ ಬಿಸಿ ನೇರವಾಗಿ ತಾಗಲಿ ಎಂದು ಹರಿದೆ. ಸ್ಟೇಷನ್ನಿನಲ್ಲಿ ಆಕೆಯನ್ನು ಕೈಹಿಡಿದು ಮುಂದೆ ಕೂರಿಸಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ, ಈ ಸೀಟಿನ ಬಿಸಿ ನಿಮ್ಮ ಸೊಸೆಯ ಕೈಯದು, ಈಗ ನೋಡುವಿರಂತೆ ಎಂದು. ಗುಂಡಿ ಒತ್ತಿದೆ. ಪೇಟೆ ದಾಟಿತು, ಹತ್ತಿಯ ಹೊಲಗಳು ಬಂದವು, ಸೀಟು ಕಲ್ಲಿನ ಹಾಗೆಯೇ ಇತ್ತು. ಹಿಂದಿನಿಂದ ಮುಕಾಂಬರ್ ಕೇಳಿದರು:

“ಬೀಗರೇ, ಒಲೆ ಹಚ್ಚಿದೀರಾ, ಇಲ್ಲ ಸೌದೆ ತರೋಕೆ ನಾವೇ ಇಳೀಬೇಕಾ?”

ಮತ್ತೆ ಒತ್ತಿದೆ. ಆಗ ತೆರೆಯ ಮೇಲೆ ಒಂದು ಸಾಲು ಮೂಡಿತು. ಇಂಗ್ಲಿಷಿನಲ್ಲಿತ್ತು, ನನಗೆ ಪೂರ್ತಿ ಅರ್ಥವಾಯಿತು. ಈ ವಾಹನವನ್ನು ಜೋಡಿಸಿದ ಸ್ಥಳಕ್ಕೆ ಈ ಸೌಲಭ್ಯ ಲಭ್ಯವಿಲ್ಲ. ಅಷ್ಟೆ. ಮಾನ್ಯರೇ, ಐವತ್ತು ವರ್ಷಗಳಲ್ಲಿ ನಾನು ಓದಿದ ಇಂಗ್ಲಿಷಿನಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ಇನ್ನೊಂದಿಲ್ಲ. ಬೆರಳಿನಿಂದ ಅದನ್ನು ಸರಿಸಿ ಅಳಿಸಿದೆ. ಆಮೇಲೆ ನಗುತ್ತಾ ಹೇಳಿದೆ:

“ನಮ್ಮವರ ಕೆಲಸ ಅಲ್ವಾ, ಎಲ್ಲೋ ತಂತಿ ಸಡಿಲ ಆಗಿರುತ್ತೆ ಬಿಡಿ.”

ಯಾಕೆ ಹಾಗೆ ಹೇಳಿದೆ? ಆ ಭಾನುವಾರದಿಂದ ಇದೊಂದನ್ನೇ ಅಗಿಯುತ್ತಿದ್ದೇನೆ. ನಮ್ಮನ್ನು ಹೊರಗಿಟ್ಟಿದ್ದಾರೆ ಎಂದು ಅತಿಥಿಗಳ ಮುಂದೆ ಹೇಳುವುದಕ್ಕಿಂತ, ನಮ್ಮವರಿಗೆ ಕೆಲಸ ಬರುವುದಿಲ್ಲ ಎಂದು ಹೇಳುವುದು ನಾಲಿಗೆಗೆ ಸುಲಭವಾಗಿತ್ತು. ಅದು ನಮಗೆಲ್ಲ ಅಭ್ಯಾಸವಾದ ಮಾತು. ಬಾಗಿಲು ಕಿರುಗುಟ್ಟಿದರೆ ಊರಿನ ಕಾರು, ಕನ್ನಡಿ ಅಲುಗಿದರೆ ಊರಿನ ಕಾರು ಎಂದು ನಾವೇ ನಗುತ್ತೇವೆ, ಬೇರೆಯವರು ನಗುವ ಮೊದಲೇ. ತಾವು ದೂರದಲ್ಲಿ ಕೂತು ಒಂದು ಗುಂಡಿ ಒತ್ತಿ ನಮ್ಮ ಬಿಸಿ ಕಿತ್ತುಕೊಂಡಿರಿ. ಅದರ ತಪ್ಪನ್ನು ನನ್ನ ಮಗಳ ಕೈಗೆ ಅಂಟಿಸಲು ಇಲ್ಲಿ ಒಬ್ಬ ಬೇಕಿತ್ತು. ಸಂಬಳವಿಲ್ಲದೆ ಆ ಕೆಲಸ ನಾನು ಮಾಡಿಕೊಟ್ಟೆ.

ಮನೆಯಲ್ಲಿ ಮಾಂಸದ ಅನ್ನ ಓಶ್ ಬಡಿಸಿ, ಚಹಾ ಸುರಿದು, ಬಟ್ಟೆಯ ನಡುವೆ ಎರಡು ರೊಟ್ಟಿ ಇಟ್ಟಾಯಿತು. ಬುವಿ ಮಂಡಿ ಉಜ್ಜಿಕೊಳ್ಳುತ್ತಾ ಕೂತಿದ್ದರು. ಹೋಸಿಯತ್ ದಿಂಬು ತಂದುಕೊಟ್ಟು, ದಾರಿಯಲ್ಲಿ ಸೀಟು ಬೆಚ್ಚಗಿತ್ತೇ ಎಂದು ಕೇಳಿದಳು. ಅವಳ ಕೆಲಸ ಅದು, ಕೇಳದೆ ಇರುತ್ತಾಳೆಯೇ. ಉತ್ತರ ಕೊಟ್ಟವರು ಮುಕಾಂಬರ್.

“ನಿಮ್ಮ ಕೆಲಸ ಸಡಿಲ ಅಂತೆ ಕಣಮ್ಮ. ನಾವು ಹೇಳಿದ್ದಲ್ಲ, ನಿಮ್ಮಪ್ಪನೇ ಹೇಳಿದ್ದು.”

ಹೋಸಿಯತ್ ನನ್ನ ಮುಖ ನೋಡಿದಳು. ನಾನು ಚಹಾದ ಬಟ್ಟಲು ನೋಡಿದೆ. ಅವಳು ಕಾರಿನ ಬೀಗದ ಕೈ ತೆಗೆದುಕೊಂಡು ಅಂಗಳಕ್ಕೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಮೊಬೈಲ್ ಇತ್ತು. ಗುಂಡಿ ಒತ್ತಿ, ತೆರೆಯ ಮೇಲೆ ಮತ್ತೆ ಮೂಡಿದ ಆ ಸಾಲಿನ ಚಿತ್ರ ಹಿಡಿದು, ಅದನ್ನು ನಮ್ಮ ಭಾಷೆಗೆ ಮಾಡಿಸಿಕೊಂಡು ಬಂದಿದ್ದಳು. ಎಲ್ಲರಿಗೂ ಕೇಳುವ ಹಾಗೆ ಓದಿದಳು. ಆಮೇಲೆ ದನಿ ಏರಿಸದೆ ಹೇಳಿದಳು:

“ಅಪ್ಪಾ, ನಿಮಗೆ ಇಂಗ್ಲಿಷ್ ಬರುತ್ತಲ್ಲ.”

ಇಷ್ಟೇ. ಮುಕಾಂಬರ್‌ಗೆ ಚಹಾ ಬೇಕೇ ಎಂದು ಕೇಳಿದೆ, ಬೇಡ ಅಣ್ಣಾ ಎಂದರು. ಬೀಗರೇ ಎನ್ನುತ್ತಿದ್ದವರು ಅಣ್ಣನಿಗೆ ಇಳಿದದ್ದು ನನ್ನ ಕಿವಿಗೆ ಚೆನ್ನಾಗಿಯೇ ಬಿತ್ತು. ಅಬ್ರೋರ್ ಎದ್ದು ಹೋಗಿ ಹೋಸಿಯತ್ ಬಳಿ ಏನೋ ಹೇಳಿದ, ಅವಳು ತಲೆಯಾಡಿಸಿದಳು. ಎಲ್ಲರೂ ಬುವಿಯ ಕೈ ನೋಡುತ್ತಿದ್ದೆವು. ಆ ಕೈ ರೊಟ್ಟಿಯ ಕಡೆ ಬರಲಿಲ್ಲ.

“ಮಗಳೇ, ನಿನ್ನ ಮೇಲೆ ನನಗೆ ಅನುಮಾನ ಇಲ್ಲ,” ಎಂದರು ಬುವಿ. “ತಣ್ಣನೆ ಸೀಟಲ್ಲಿ ನಾನು ಬೇಕಾದಷ್ಟು ಕೂತಿದೀನಿ. ಆದ್ರೆ ಗೊತ್ತಿದ್ದೂ ನಿಮ್ಮಪ್ಪನೇ ನಿನ್ನ ಕೆಲಸಾನ ಬಿಟ್ಟುಕೊಟ್ರೆ, ನಾಳೆ ನಮ್ಮನೇಲಿ ಯಾರಾದ್ರೂ ಒಂದು ಮಾತಂದಾಗ ನಿನ್ನ ಹಿಂದೆ ಯಾರಿರ್ತಾರೆ? ಅವರು ಮೊದಲು ಬಾಯಿ ಬಿಡಲಿ. ನಾಲ್ಕು ಜನರ ಮುಂದೆ. ರೊಟ್ಟಿ ಎಲ್ಲಿಗೂ ಓಡಿಹೋಗಲ್ಲ.”

ರೊಟ್ಟಿಗಳು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿವೆ. ಒಣಗಿ ಹಲಗೆಯಂತಾಗಿವೆ. ಅವರನ್ನು ಸ್ಟೇಷನ್ನಿಗೆ ಬಿಡಲು ಹೊರಟಾಗ ಹೋಸಿಯತ್ ಒಳಗಿನಿಂದ ಅವಳ ತಾಯಿ ಹೊಲಿದ ಹತ್ತಿಯ ಹಾಸು ತಂದು ಬುವಿಯ ಸೀಟಿನ ಮೇಲೆ ಹಾಸಿದಳು. ತನ್ನದೇ ಕೈಯ ತಂತಿಯ ಮೇಲೆ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಹಲ್ಲಿನ ವೈದ್ಯರ ಬಳಿ ಇದೇ ಕಾರಿದೆ. ಇದೇ ಬಣ್ಣ, ಇದೇ ವರ್ಷದ್ದು, ಆದರೆ ಗಡಿಯಾಚೆ ಪೂರ್ತಿಯಾಗಿ ತಯಾರಾಗಿ ಬಂದದ್ದು. ಪರಿಷ್ಕರಣೆ ಅದಕ್ಕೂ ಬಂದಿದೆ. ಪುಣ್ಯಾತ್ಮರು, ಕೇಳಿದ ಕೂಡಲೇ ಬಾಗಿಲು ತೆಗೆದು ಕೂರಿಸಿದರು. ಚಹಾ ಆರುವಷ್ಟರಲ್ಲಿ ಸೀಟು ಬೆಚ್ಚಗಾಯಿತು. ಬೇರೆಯವರ ಕೋಟು ತೊಟ್ಟ ಕಳ್ಳನಂತೆ ಕೂತಿದ್ದೆ. ಎರಡು ಕಾರಿಗೂ ಇರುವ ವ್ಯತ್ಯಾಸ ಚಾಸಿಯ ಸಂಖ್ಯೆಯ ಮೊದಲ ಅಕ್ಷರ ಒಂದೇ. ಆ ಅಕ್ಷರ ನೋಡಿ ಇದು ಸೋಯ್‌ಬೋಯಿಯದು, ಇದಕ್ಕೆ ಚಳಿ ಸಾಕು ಎಂದು ತೀರ್ಮಾನಿಸುವಷ್ಟು ಬುದ್ಧಿಯನ್ನು ತಾವು ಆ ಯಂತ್ರಕ್ಕೆ ಕೊಟ್ಟಿದ್ದೀರಿ. ಸ್ಥಳೀಯ ಜೋಡಣೆಗೆ ಬೇರೆ ಶ್ರೇಣಿ ಎಂದು ನಿಮ್ಮ ಹೆಣ್ಣುಮಗಳು ವಿವರಿಸಿದಳು. ಶ್ರೇಣಿ ಎಂದರೇನಮ್ಮ ಎಂದು ಕೇಳಿದ್ದಕ್ಕೇ ಸಂಗೀತ ಶುರುವಾದದ್ದು. ನಮ್ಮ ಚಳಿಗೂ ಶ್ರೇಣಿ ಇದೆಯೇ? ಅಂಗ್ರೆನ್ ಕಡೆಯ ಗಾಳಿ ಮೊದಲ ಅಕ್ಷರ ಓದಿಕೊಂಡು ಬೀಸುತ್ತದೆಯೇ?

ನಾನು ಮೂವತ್ತು ವರ್ಷ ತೂಬಿನ ಕೆಲಸ ಮಾಡಿದವನು. ವಸಂತದಲ್ಲಿ ಊರವರೆಲ್ಲ ಸೇರಿ ಕಾಲುವೆಯ ಹೂಳೆತ್ತುತ್ತಾರೆ. ಹೂಳೆತ್ತಿದವನ ಹೊಲಕ್ಕೆ ನೀರು ಬಿಡದಿದ್ದರೆ ನನ್ನನ್ನು ಊರಲ್ಲಿ ಉಳಿಸುತ್ತಿರಲಿಲ್ಲ. ಮೇಲಿನವರು ಎಷ್ಟೋ ಸಲ ಹೇಳಿದ್ದರು, ಅವನಿಗೆ ನಿಲ್ಲಿಸು, ಇವನಿಗೆ ಬಿಡು ಎಂದು. ಹೂಂ ಎನ್ನುತ್ತಿದ್ದೆ, ತೂಬು ಮುಟ್ಟುತ್ತಿರಲಿಲ್ಲ. ಅಷ್ಟು ಧೈರ್ಯ ಇದ್ದವನಿಗೆ ಆ ಭಾನುವಾರ ಒಂದು ಕಾರಿನೊಳಗೆ, ಮೂರು ಜನ ಅತಿಥಿಗಳ ಮುಂದೆ, ಒಂದು ವಾಕ್ಯ ಓದಿ ಹೇಳುವ ಧೈರ್ಯ ಇರಲಿಲ್ಲ. ತಮ್ಮನ್ನು ಬೈಯುವ ಯೋಗ್ಯತೆ ನನಗೆಷ್ಟಿದೆ ಎಂದು ಕೇಳಿದರೆ ಕಡಿಮೆಯೇ. ಆದರೆ ತಾವು ಕಾಲುವೆ ಅಗೆದವರ ತೂಬನ್ನೇ ಮುಚ್ಚಿದ್ದೀರಿ. ಅದನ್ನು ಹೇಳಲು ಯೋಗ್ಯತೆ ಬೇಕಿಲ್ಲ, ಕಣ್ಣಿದ್ದರೆ ಸಾಕು.

ಕೋರಿಕೆ ಇಷ್ಟು. ಸೀಟಿನ ಬಿಸಿಯನ್ನು ಮರಳಿಸಿ. ಕೊಡಲಾಗದಿದ್ದರೆ, ಕಾರ್ಖಾನೆಯ ಬಾಗಿಲ ಮೇಲಿನ ನಾಡಿನ ಕೈಗಳು ಎಂಬ ಫಲಕ ಇಳಿಸಿ, ಆ ತಂತಿಯನ್ನು ಅಂಟಿಸುವ ಕೆಲಸದಿಂದ ನಮ್ಮ ಮಕ್ಕಳನ್ನು ಬಿಡಿಸಿ. ಉರಿಯದ ಒಲೆಗೆ ದಿನವಿಡೀ ಸೌದೆ ಒಟ್ಟಿಸಬೇಡಿ. ಮತ್ತು ತೆರೆಯ ಮೇಲಿನ ಆ ಸಾಲನ್ನು ಇಂಗ್ಲಿಷಿನಲ್ಲಲ್ಲ, ನಮ್ಮ ಭಾಷೆಯಲ್ಲಿ ಬರೆಯಿರಿ. ನನ್ನಂಥವರಿಗೆ ಅದನ್ನು ಬಚ್ಚಿಡಲು ಆಗದಿರಲಿ.

ಇದನ್ನೆಲ್ಲ ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ, ಬುವಿ ಕೂತ ಸೀಟಿನಲ್ಲಿ. ಮಧ್ಯಾಹ್ನದಿಂದ ಗಾಜಿನ ಮೂಲಕ ಬಿಸಿಲು ಬಿದ್ದು ಹಿತವಾಗಿತ್ತು. ಹಾಸನ್ನು ತೆಗೆದು ಮಡಿಚಿ ಹಿಂದಿಟ್ಟಿದ್ದೇನೆ. ಅಕ್ಷರಗಳು ಮಸುಕಾಗುತ್ತಿವೆ, ಕನ್ನಡಕ ಒರೆಸಿಕೊಂಡೆ, ತಪ್ಪು ಕನ್ನಡಕದ್ದಲ್ಲ, ಬೆಳಕು ಹೋಗುತ್ತಿದೆ. ಕಾರ್ಖಾನೆಯ ಬಸ್ಸು ಬರುವ ಹೊತ್ತು. ಅವಳು ಇಳಿದರೆ ಮೊದಲು ಇದನ್ನು ಅವಳಿಗೆ ಓದಿ ಹೇಳಬೇಕು, ಆಮೇಲೆ ಪತ್ರಿಕೆಗೆ, ಪತ್ರಿಕೆಯ ಮೂಲಕ ಅಂಗ್ರೆನ್‌ಗೆ. ಬೇರೇನೂ ಕಾಣದಿದ್ದರೂ ಈ ಒಂದು ಸಾಲು ದಪ್ಪಕ್ಷರದಲ್ಲಿ ಅಚ್ಚಾಗಲಿ: ತಂತಿ ಸಡಿಲವಿಲ್ಲ. ಅದನ್ನು ಕೂರಿಸಿದವಳು ನನ್ನ ಮಗಳು. ನನಗೆ ಗೊತ್ತಿತ್ತು.

ಇಂತಿ, ಕಾಲೇಜಿನಲ್ಲಿ ಕಲಿಸಿದ್ದು ‘ಯುವರ್ ಒಬೀಡಿಯಂಟ್’ ಎಂದೇನೋ ಇತ್ತು, ಅದನ್ನು ಬೇಕೆಂದೇ ಮರೆತು,
ಹೋಸಿಯತ್‌ಳ ತಂದೆ,
ಸೋಯ್‌ಬೋಯಿಯಲ್ಲಿ ಹುಟ್ಟಿ, ಸೋಯ್‌ಬೋಯಿಯಲ್ಲೇ ಜೋಡಣೆಯಾದವನು