ಅಕ್ಕನ ಪಾಲಿನ ಗಾಳಿ

ಮಾರ್ಚ್ 3, ಸೋಮವಾರ
ನೂಲಿನ ಮಿಲ್ಲಿನವರು ಅಕ್ಕನಿಗೆ ಕೊಡುತ್ತೇವೆಂದದ್ದು: ಮುಖಕ್ಕೆ ಮಾಸ್ಕು, ಧೂಳು ಹೀರುವ ಮಿಷನ್ನು, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ. ಕೊಟ್ಟದ್ದು: ಬಾಗಿಲ ಬಳಿ ಒಂದು ಸ್ಟೂಲು. ಕೆಮ್ಮು ಬಂದಾಗ ಕೂರಲು.
ಆ ಕೆಮ್ಮಿನಲ್ಲೇ ಅವಳು ತೀರಿಹೋದ ಮೇಲೆ ಜೊತೆಗೆ ದುಡಿದವರು ಸೆರಗಲ್ಲಿ, ಡಬ್ಬಿಯಲ್ಲಿ ಅದೇ ಹತ್ತಿ ಧೂಳು ತಂದುಕೊಟ್ಟರು. ಗಂಜಿಯಲ್ಲಿ ಕಲಸಿ ಅವಳ ಮುಖದ ಬೊಂಬೆ ಮಾಡಿದೆ. ಇವತ್ತು ಮುಚ್ಚಿದ ಬಟ್ಟೆ ಸರಿಸಿದರೆ ಎಡಗಿವಿ ಉದುರಿದೆ. ಮತ್ತೆ ಅಂಟಿಸಿದೆ. ಗಂಜಿಗೆ ಹುಳ ಬೇರೆ. ಕತ್ತಿನ ಹಿಂದೆ ಗಟ್ಟಿಯಾಗಲೆಂದು ಚೂರು ವಾರ್ನಿಶ್ ಹಚ್ಚಿ ನೋಡಿದೆ — ಮೆತ್ತಗಾಗಿ ಕುಸಿಯಿತು...

ಮಾರ್ಚ್ 6
ಭಾವ ಬಂದರು. ಧೂಳು ಹಾರೀತೆಂದು ಬೊಂಬೆಯೆದುರು ಉಸಿರು ಬಿಗಿಹಿಡಿದು ಕೂತರು.
"ಜಗಳ ಆಡೋವಾಗ ಹೀಗೆ ಬಾಯಿ ಮುಚ್ಕೊಂಡಿದ್ರೆ ಅಕ್ಕ ನೆಮ್ಮದಿಯಾಗಿರ್ತಿದ್ಲು" ಅಂದೆ.
ನಕ್ಕರು. ನಗುವಾಗಲೂ ಬಾಯಿಗೆ ಕೈ ಅಡ್ಡ.
"ಗ್ಯಾಲರಿಯವ್ರು ಪ್ರದರ್ಶನಕ್ಕೆ ಕೇಳ್ತಿದಾರಲ್ಲ, ಕೊಟ್ಬಿಡಮ್ಮ. ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಒಂದ್ಸಲ ಕಳ್ಕೊಂಡಿದೀನಿ. ಎರಡನೇ ಸಲ ನನ್ ಕೈಲಾಗಲ್ಲ."
ಕಾರ್ಮಿಕರ ಸಂಘದಲ್ಲಿ ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು ನಾನು. ಭಾವನ ಮುಂದೆ ಮಾತ್ರ ಹೂಂ ಅಂದೆ.

ಮಾರ್ಚ್ 19, ಬುಧವಾರ. ಸಂಜೆ
ಬಾಡಿಗೆ ಕಾರು, ಕಿಟಕಿಯೆಲ್ಲ ಮುಚ್ಚಿ. ಬೊಂಬೆ ನನ್ನ ಮಡಿಲಲ್ಲಿ.
ಗ್ಯಾಲರಿ ಮೇಡಂ ಎಳೆಗೂಸಿನ ಹಾಗೆ ಎತ್ತಿಕೊಂಡರು. ಗಾಜಿನ ಪೆಟ್ಟಿಗೆ. ಅದರಡಿ ಗುಂಯ್ ಅನ್ನುವ ಮಿಷನ್ನು.
"ಗಾಳಿ ಸೋಸುತ್ತೆ. ಒಂದು ಕಣ ಧೂಳು ಕೂರಲ್ಲ."
"ಧೂಳಿನ ಮೇಲೆ ಧೂಳು ಕೂರಬಾರ್ದು" — ಭಾವ ತಲೆಯಾಡಿಸಿದರು. "ಯಾರು ಕೊಡ್ಸಿದ್ದು ಮೇಡಂ?"
"ಮಿಲ್ಲಿನವ್ರೇ. ಕೇಳಿದ ವಾರಕ್ಕೇ ಕಳಿಸಿದ್ರು. ತುಂಬಾ ಕಾಳಜಿ ಅವ್ರಿಗೆ."
ವಾರಕ್ಕೇ! ಅಕ್ಕ ಕೇಳಿ ಕೇಳಿಯೇ ಸತ್ತಳು. ಬೊಂಬೆಗೇನು ಕೆಮ್ಮು ಬರುತ್ತದೆಯೆ, ಇವರ ಮನೆ ಹಾಳಾಗ...
ಭಾವ ಗಾಜಿಗೆ ಹಣೆ ಹಚ್ಚಿ ಆ ಸದ್ದು ಕೇಳುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ:
"ಎತ್ಕೊಳಮ್ಮ ನಿಮ್ಮಕ್ಕನ್ನ. ಹೋಗೋಣ."
"ಹೊರಗೆ ಒಂದು ತಿಂಗಳೂ ಬಾಳಲ್ಲ ಇದು!" ಮೇಡಂ ಹಿಂದೆಯೇ ಓಡಿಬಂದರು. ನಿಜವನ್ನೇ ಹೇಳಿದರು, ಪಾಪ.

ಮಾರ್ಚ್ 20
ಬಲಗಿವಿಯೂ ಹೋಯಿತು. ಅಂಟಿಸಲಿಲ್ಲ.
ಸಂಘದ ಕಚೇರಿಯಲ್ಲಿ ಮಿಷನ್ನಿನ ವಿಷಯ ಹೇಳಿದೆ. ಯಾರೂ ಘೋಷಣೆ ಕೂಗಲಿಲ್ಲ. ಸುಮ್ಮನೆ ಕೆಮ್ಮಿದರು.
"ಗಾಜು ಬೇಡ, ಬಟ್ಟೇನೂ ಬೇಡ" ಅಂದರು ಭಾವ. "ಮಿಲ್ಲಿನೊಳಗೆ ಹೋಗೋರು ಅವಳ ಮುಖ ನೋಡ್ಕೊಂಡೇ ಹೋಗ್ಲಿ. ನಾನೇ ಹಿಡ್ಕೋತೀನಿ."
"ಗಾಳಿ ಇರುತ್ತೆ ಭಾವ, ಬಯಲಲ್ಲಿ."
"ಇರ್ಲಿ. ಅವಳು ಕೇಳಿದ್ದೂ ಅದನ್ನೇ ಅಲ್ವಾ?"
ಬರುವ ಸೋಮವಾರ ಬೆಳಿಗ್ಗೆ ಆರು, ಪಾಳಿ ಬದಲಾಗುವ ಹೊತ್ತು. ಮಿಲ್ಲಿನ ಗೇಟು. ಗಾಳಿ ಬೀಸಿದರೆ—