ಪಾಳಿ ಸಂಖ್ಯೆ ನಲವತ್ತೊಂದು

ಮಾನ್ಯ ಕಾರಾಗೃಹದ ಅಧೀಕ್ಷಕರೇ,

ಬಿಡುಗಡೆಯಾಗಿ ಬಂದ ತಮ್ಮನನ್ನು ಮತ್ತೆ ಒಳಗೆ ಸೇರಿಸಿಕೊಳ್ಳಿ ಎಂದು ಬೇಡುವ ಗತಿಗೆ ನನ್ನನ್ನು ತಂದಿದ್ದೀರಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದವಳು ನಾನು. ಧರಣಿ ಕೂತಿದ್ದೇನೆ, ಘೋಷಣೆ ಕೂಗಿದ್ದೇನೆ. ಇಂಥ ಬೇಡಿಕೆ ಯಾವತ್ತೂ ಇಟ್ಟಿರಲಿಲ್ಲ.

ನನ್ನ ತಮ್ಮ ಗೋಡೆಗೆ ಬಣ್ಣ ಬಳಿಯುವವನು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ನೋವಿಗೆಂದು ನುಂಗಿದ ಮಾತ್ರೆ ನೋವು ಹೋದ ಮೇಲೂ ಬಿಡಲಿಲ್ಲ. ಔಷಧಿ ಅಂಗಡಿಯ ಬೀಗ ಒಡೆದ, ನಿಮ್ಮ ಅತಿಥಿಯಾದ. ಒಳಗೆ ಕಾಲಿಟ್ಟ ವಾರವೇ ನಿಮ್ಮಲ್ಲಿನ ವ್ಯಸನಮುಕ್ತಿ ಚಿಕಿತ್ಸೆಗೆ ಹೆಸರು ಬರೆಸಿದ. ಪಾಳಿ ಸಂಖ್ಯೆ ನಲವತ್ತೊಂದು. ಹದಿನಾಲ್ಕು ತಿಂಗಳು ಕಾದ. ಅಷ್ಟೂ ದಿನ ಒಳಗೆ ಮಾತ್ರೆ ಸಿಗುತ್ತಿತ್ತಂತೆ; ಅದಕ್ಕೆ ಮಾತ್ರ ಪಾಳಿ ಇರಲಿಲ್ಲ. ನಿಮ್ಮ ಗೋಡೆ ಎಷ್ಟು ಎತ್ತರ, ಸ್ವಾಮಿ?

ಬಿಡುಗಡೆಯಾದ ಹನ್ನೊಂದನೆಯ ದಿನ ಮನೆಗೆ ನಿಮ್ಮ ಪತ್ರ ಬಂತು. 'ತಮ್ಮ ಸರದಿ ಬಂದಿದೆ. ಮುಂದಿನ ತಿಂಗಳ ಒಂದರಂದು ಹಾಜರಾಗದಿದ್ದಲ್ಲಿ ಚಿಕಿತ್ಸೆ ನಿರಾಕರಿಸಿದ್ದೀರೆಂದು ಪರಿಗಣಿಸಲಾಗುವುದು.' ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಕಥೆ ಕೇಳಿದ್ದೆ. ನೀವು ಅವರನ್ನೂ ಮೀರಿಸಿದಿರಿ.

ಅವನೋ, ಆ ಪತ್ರವನ್ನು ನಂಬಿದ. ಅಂಗಿಗೆ ಇಸ್ತ್ರಿ ಹಾಕಿಕೊಂಡು ನನ್ನನ್ನೂ ಕರೆದುಕೊಂಡು ನಿಮ್ಮ ಗೇಟಿಗೆ ಬಂದ.

"ಏನಪ್ಪಾ, ಮನೆ ಊಟ ಸೇರ್ಲಿಲ್ವಾ?" ಎಂದರು ಕಾವಲಿನವರು.

"ನನ್ನ ಪಾಳಿ ಬಂದಿದೆ ಸಾರ್. ಮೊದಲೇ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವರು ಪತ್ರವನ್ನು ಎರಡು ಸಲ ಓದಿದರು. "ಇದು ಒಳಗಿರೋರಿಗೆ ಕಣಯ್ಯಾ."

"ಹಂಗಾದ್ರೆ ಒಳಗೆ ಬಿಡಿ."

"ಸುಮ್ ಸುಮ್ನೆ ಹೆಂಗೆ ಬಿಡೋದು? ಏನಾದ್ರೂ ಮಾಡ್ಕೊಂಡು ಬಾ!"

ಎಲ್ಲರೂ ನಕ್ಕರು. ಅವನೂ ನಕ್ಕ. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದ, "ಅಕ್ಕಾ, ಒಂದು ಸೈಕಲ್ ಕದ್ರೆ ಎಷ್ಟು ತಿಂಗಳು ಹಾಕ್ತಾರೆ?"

"ಬಾಯಿ ಮುಚ್ಕೊಂಡು ಕೂತ್ಕೊಳೋ."

"ಅಲ್ಲ, ಚಿಕಿತ್ಸೆ ಮೂರು ತಿಂಗಳು. ಅಷ್ಟಕ್ಕೆ ಸರಿಯಾಗಿ ಏನು ಕದೀಬೇಕು ಅಂತ."

ತಮಾಷೆಯಲ್ಲ ಅದು. ಹೊರಗಿನ ಆಸ್ಪತ್ರೆಯವರು, 'ಜೈಲಲ್ಲೇ ಚಿಕಿತ್ಸೆ ಇತ್ತಲ್ಲ, ಯಾಕೆ ತಗೊಳ್ಳಲಿಲ್ಲ?' ಎಂದು ಇವನನ್ನೇ ಗದರಿ, ನಾಲ್ಕು ತಿಂಗಳ ಪಾಳಿಗೆ ಹಾಕಿದ್ದಾರೆ. ಬಣ್ಣದ ಮೇಸ್ತ್ರಿ, 'ಚಿಕಿತ್ಸೆ ಮುಗಿಸಿದ ಕಾಗದ ತಾ, ಮಾರನೇ ದಿನವೇ ಬ್ರಷ್ ಕೊಡ್ತೀನಿ' ಎಂದಿದ್ದಾನೆ. ಹೊರಗೆ ಬಂದು ಹತ್ತೊಂಬತ್ತು ದಿನವಾಯಿತು. ಕೈ ನಡುಗುತ್ತದೆ, ಬೆವರುತ್ತಾನೆ, ಮಾತ್ರೆ ಮುಟ್ಟಿಲ್ಲ. ಎಷ್ಟು ದಿನ ತಡೆದಾನು? ಕದಿಯಲು ಹೊರಟವನನ್ನು ತಡೆಯುವುದು ಗೊತ್ತು. ವಾಸಿಯಾಗಲು ಕದಿಯುತ್ತೇನೆ ಎನ್ನುವವನಿಗೆ ನಾನು ಏನು ಹೇಳಲಿ? ನೀವಾದರೂ ಹೇಳಿ.

ದೊಡ್ಡದೇನನ್ನೂ ಕೇಳುತ್ತಿಲ್ಲ. ಚಿಕಿತ್ಸೆ ಕೊಡುವವರು ಹೊರಗಿನಿಂದಲೇ ಬರುತ್ತಾರೆ, ಅದೇ ಗೇಟಿನಿಂದ ಹೋಗುತ್ತಾರೆ. ಗೇಟಿನ ಈಚೆ, ಭೇಟಿಗೆ ಬಂದವರು ಕಾಯುವ ಕೋಣೆ ಇದೆ. ಎರಡು ಬೆಂಚು, ಒಂದು ಫ್ಯಾನು. ಬಿಡುಗಡೆಯಾದವರ ಪಾಳಿಯನ್ನು ಅಲ್ಲಿ ನಡೆಸಿ. ಇನ್ನು ಮುಂದೆ ಯಾರನ್ನೇ ಹೊರಗೆ ಕಳಿಸುವ ಮೊದಲು ಅವರ ಚಿಕಿತ್ಸೆಯ ಜಾಗ ಗೊತ್ತುಮಾಡಿ ಕಳಿಸಿ. ಒಂದನೇ ತಾರೀಕು ನಾವಿಬ್ಬರೂ ಆ ಬೆಂಚಿನ ಮೇಲೆ ಕೂತಿರುತ್ತೇವೆ. ಯಾರೂ ಬರದಿದ್ದರೂ ನಿಮ್ಮ ಕಡತದಲ್ಲಿ 'ಹಾಜರು' ಎಂದೇ ಬರೆಯಬೇಕು. ನಿರಾಕರಿಸಿದವನು ಅವನಲ್ಲ.

ಇಂತಿ,
ಮನೆಯ ಸೈಕಲ್ಲಿಗೆ ಎರಡು ಬೀಗ ಜಡಿದು ಕೆಲಸಕ್ಕೆ ಹೋಗುವ,
ನಲವತ್ತೊಂದನೆಯವನ ಅಕ್ಕ